ಒಂದೇ ಪ್ರಶ್ನೆಯ ಶಿಸ್ತು: ದೈವಶಾಸ್ತ್ರದ ಮಹಾಪ್ರಬಂಧವನ್ನು ಯೋಜಿಸುವ ಮತ್ತು ಮುಗಿಸುವ ಬಗೆ

ಉನ್ನತ ವ್ಯಾಸಂಗಕ್ಕೆಂದು ಕಳುಹಿಸಲ್ಪಟ್ಟ ಯಾಜಕರಲ್ಲಿ, ತರಗತಿಗಳನ್ನೆಲ್ಲ ಪೂರೈಸಿ, ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ, ಮಹಾಪ್ರಬಂಧವೊಂದನ್ನು ಮಾತ್ರ ಅರ್ಧಕ್ಕೆ ಬಿಟ್ಟು ಧರ್ಮಕೇಂದ್ರಕ್ಕೆ ಮರಳುವವರು ವಿರಳರಲ್ಲ. ತಪಸ್ಸುಕಾಲ ಕಳೆಯಲಿ, ಆಮೇಲೆ ಕುಳಿತು ಮುಗಿಸೋಣ ಎಂದುಕೊಳ್ಳುತ್ತಾರೆ. ತಪಸ್ಸುಕಾಲದ ಬೆನ್ನಿಗೆ ಪಾಸ್ಖ ಹಬ್ಬ ಬರುತ್ತದೆ, ಅದರ ಬೆನ್ನಿಗೆ ಶಾಲೆಯ ದಾಖಲಾತಿ, ಮಳೆಗಾಲದಲ್ಲಿ ಸೋರುವ ದೇವಾಲಯದ ಮಾಡು. ಟಿಪ್ಪಣಿಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಇದು ಒಬ್ಬರ ವೈಯಕ್ತಿಕ ನಷ್ಟ ಮಾತ್ರವಲ್ಲ. ಗುರುಮಠದಲ್ಲಿ ದೈವಶಾಸ್ತ್ರ ಬೋಧಿಸುವವರು ಪವಿತ್ರ ಪೀಠದ ಮಾನ್ಯತೆಯುಳ್ಳ ವಿದ್ಯಾಪೀಠದಿಂದ ಲೈಸೆನ್ಶಿಯೇಟ್ ಅಥವಾ ಡಾಕ್ಟರೇಟ್ ಪಡೆದಿರಬೇಕೆಂಬುದು ಧರ್ಮಸಭೆಯ ಕಾನೂನಿನ 253ನೆಯ ವಿಧಿ. ಪ್ರಬಂಧ ನಿಂತುಹೋದಾಗ ಧರ್ಮಪ್ರಾಂತ್ಯವೊಂದು ತನ್ನ ಒಬ್ಬ ಬೋಧಕನನ್ನೇ ಕಳೆದುಕೊಳ್ಳುತ್ತದೆ.

ಇದಕ್ಕೆ ಸೋಮಾರಿತನವೇ ಕಾರಣವೆಂದು ಹೇಳುವುದು ಸುಲಭ. ನಾವು ಹಾಗೆ ಭಾವಿಸುವುದಿಲ್ಲ. ಬಹುತೇಕ ಪ್ರಬಂಧಗಳು ನಿಲ್ಲುವುದು ಅವು ಕೇಳಿದ ಪ್ರಶ್ನೆ ಅತಿ ದೊಡ್ಡದಾದುದರಿಂದ. ಪೋಪ್ ಫ್ರಾನ್ಸಿಸರು 2017ರಲ್ಲಿ ಸಹಿ ಮಾಡಿದ 'ವೆರಿತಾತಿಸ್ ಗೌದಿಯುಂ' ಎಂಬ ಪ್ರೇಷಿತ ಸಂವಿಧಾನವು ಈ ಎರಡನೆಯ ಹಂತದ ವ್ಯಾಸಂಗಕ್ಕೆ ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರ್‌ಗಳನ್ನು ನಿಗದಿಪಡಿಸಿದೆ. ತರಗತಿಗಳಿಗೆ ಸಲ್ಲುವ ಕಾಲವನ್ನು ಕಳೆದರೆ ಬರವಣಿಗೆಗೆ ಉಳಿಯುವುದು ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಒಬ್ಬ ಮನುಷ್ಯ ಪ್ರಾಮಾಣಿಕವಾಗಿ ಉತ್ತರಿಸಬಲ್ಲ ಪ್ರಶ್ನೆ ಯಾವುದು? ಯೋಜನೆಯ ಮೊದಲ ಹೆಜ್ಜೆ ಇದನ್ನು ಕೇಳಿಕೊಳ್ಳುವುದೇ.

ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ನೋಡೋಣ. ವಿದ್ಯಾರ್ಥಿಯೊಬ್ಬರು 'ಕರ್ನಾಟಕದಲ್ಲಿ ಶುಭಸಂದೇಶದ ಸಂಸ್ಕೃತೀಕರಣ' ಎಂಬ ವಿಷಯವನ್ನು ತಂದರೆನ್ನಿ. ಇದು ವಿಷಯವೇ ಹೊರತು ಪ್ರಶ್ನೆಯಲ್ಲ. ಇದಕ್ಕೆ ಹೌದು ಅಥವಾ ಅಲ್ಲವೆಂದು ಯಾರೂ ಉತ್ತರಿಸಲಾರರು. ಭಾಷೆಗೆ ಸೀಮಿತಗೊಳಿಸಿದರೆ ಸ್ವಲ್ಪ ಹತ್ತಿರ ಬರುತ್ತೇವೆ. ಒಂದೇ ಪದಕ್ಕೆ ಸೀಮಿತಗೊಳಿಸಿದರೆ ಇನ್ನೂ ಹತ್ತಿರ. ಕನ್ನಡದ ಕಥೋಲಿಕರು ಜಪಗಳಲ್ಲಿ 'ವರಪ್ರಸಾದ' ಎನ್ನುತ್ತೇವೆ. ಪ್ರೊಟೆಸ್ಟೆಂಟ್ ಸಹೋದರರಲ್ಲಿ 'ಕೃಪೆ' ಎಂಬುದು ರೂಢಿ. 'ಪ್ರಸಾದ'ವಾದರೋ ವೀರಶೈವ ಪರಂಪರೆಯ ಅಷ್ಟಾವರಣಗಳಲ್ಲಿ ಒಂದು. ಸಂಸ್ಕೃತದಲ್ಲಿ ಅದಕ್ಕೆ ತಿಳಿತನ, ಪ್ರಸನ್ನತೆ, ದೇವರಿಗೆ ಅರ್ಪಿಸಿ ಮರಳಿ ಪಡೆದ ಅನ್ನ ಎಂಬ ಅರ್ಥಗಳೂ ಇವೆ. ಹಾಗಿದ್ದರೆ ಸಂತ ಪೌಲರ 'ಖಾರಿಸ್' ಈ ಪದದೊಳಗೆ ಬಂದಾಗ ಜೊತೆಯಲ್ಲಿ ಏನು ಒಳಬಂತು, ಏನು ಹೊರಗುಳಿಯಿತು?

ಇದು ಪ್ರಶ್ನೆಯೇನೋ ಹೌದು. ಆದರೂ ಪೌಲರ ಪತ್ರಗಳೆಲ್ಲವನ್ನೂ ವಚನ ಸಾಹಿತ್ಯವೆಲ್ಲವನ್ನೂ ಮುಂದಿಟ್ಟುಕೊಂಡರೆ ಮತ್ತೆ ಮುಳುಗುತ್ತೇವೆ. ರೋಮನರಿಗೆ ಬರೆದ ಪತ್ರದ 5ನೆಯ ಅಧ್ಯಾಯದ 12ರಿಂದ 21ರವರೆಗಿನ ವಾಕ್ಯಗಳನ್ನು ಮಾತ್ರ ಆರಿಸಿಕೊಳ್ಳಬಹುದು. ಅಲ್ಲಿ ಪೌಲರು ಖಾರಿಸ್, ಖಾರಿಸ್ಮ, ದೋರೆಯಾ, ದೋರೇಮ ಎಂಬ ನಾಲ್ಕು ಪದಗಳನ್ನು ಒತ್ತೊತ್ತಾಗಿ ಬಳಸುತ್ತಾರೆ. ಕನ್ನಡ ಅನುವಾದಗಳು ಈ ನಾಲ್ಕನ್ನೂ ಪ್ರತ್ಯೇಕಿಸುತ್ತವೆಯೇ, ಬೆರೆಸುತ್ತವೆಯೇ? ಎರಡೋ ಮೂರೋ ಅನುವಾದಗಳು, 1894ರ ಕಿಟೆಲ್ ನಿಘಂಟು, ಪ್ರಸಾದವನ್ನು ಕುರಿತು ಒಬ್ಬರೇ ವಚನಕಾರರ ವಚನಗಳು, ರೋಮನರಿಗೆ ಬರೆದ ಪತ್ರದ ಮೇಲೆ ಪ್ರಮಾಣಭೂತವಾದ ಕೆಲವು ವ್ಯಾಖ್ಯಾನಗಳು: ಇವು ಒಂದು ಮೇಜಿನ ಮೇಲೆ ಹಿಡಿಯುವಷ್ಟು ಆಕರಗಳು. ಗ್ರೀಕ್ ಬಾರದವರು ಈ ಪ್ರಶ್ನೆಯನ್ನು ಮುಟ್ಟದಿರುವುದೇ ಲೇಸು. ಆಕರಗಳ ಭಾಷೆ ತಮ್ಮ ವಶದಲ್ಲಿದೆಯೇ ಎಂಬುದನ್ನು ವಿಷಯ ಅನುಮೋದನೆಯಾಗುವ ಮುನ್ನವೇ ನಿರ್ಧರಿಸಿಕೊಳ್ಳಬೇಕು, ಆಮೇಲಲ್ಲ.

ಹೀಗೆ ಕತ್ತರಿಸುತ್ತ ಹೋದರೆ ಪ್ರಬಂಧ ಬಡವಾಗುವುದೆಂಬ ಅಳುಕು ಸಹಜ. ಅದಕ್ಕೆ ಉತ್ತರವಾಗಿ ಪೋಪ್ 16ನೆಯ ಬೆನೆಡಿಕ್ಟರ ಜೀವನದ ಒಂದು ಪ್ರಸಂಗವನ್ನು ನೆನೆಯುತ್ತೇವೆ. ಅವರೇ ತಮ್ಮ ಆತ್ಮಕಥನದಲ್ಲಿ ಅದನ್ನು ಬರೆದಿದ್ದಾರೆ. ಯುವ ಯಾಜಕ ಜೋಸೆಫ್ ರಾಟ್ಸಿಂಗರ್, ಜರ್ಮನಿಯಲ್ಲಿ ಪ್ರಾಧ್ಯಾಪಕರಾಗಲು ಅಗತ್ಯವಾದ ಹಾಬಿಲಿಟೇಷನ್ ಪ್ರಬಂಧವನ್ನು ಸಂತ ಬೊನವೆಂತೂರರ ಪ್ರಕಟಣೆಯ ಕಲ್ಪನೆಯನ್ನು ಕುರಿತು ಬರೆದು ಮ್ಯೂನಿಕ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಮಾರ್ಗದರ್ಶಕ ಗೊಟ್ಲೀಬ್ ಸೋನ್‌ಗೆನ್ ಮೆಚ್ಚಿದರು. ಎರಡನೆಯ ಪರೀಕ್ಷಕ ಮೈಕೆಲ್ ಶ್ಮೌಸ್, ತಾವು ಇದನ್ನು ಒಪ್ಪಲಾರೆವೆಂದು 1956ರಲ್ಲಿ ತಿಳಿಸಿದರು. ವೃದ್ಧ ತಂದೆತಾಯಿಯನ್ನು ಅದಾಗಲೇ ಫ್ರೈಸಿಂಗ್‌ನ ತಮ್ಮ ಮನೆಗೆ ಕರೆಸಿಕೊಂಡಿದ್ದ ಮಗನಿಗೆ ಅದು ಕೇವಲ ಪಾಂಡಿತ್ಯದ ಪ್ರಶ್ನೆಯಾಗಿರಲಿಲ್ಲ. ವಿದ್ಯಾಪೀಠವು ಪ್ರಬಂಧವನ್ನು ತಿರಸ್ಕರಿಸದೆ ತಿದ್ದುಪಡಿಗೆಂದು ಹಿಂದಿರುಗಿಸಿತು. ಪುಟಗಳ ಅಂಚಿನ ಆಕ್ಷೇಪಗಳನ್ನು ನೋಡುತ್ತ ಹೋದಾಗ, ಬೊನವೆಂತೂರರ ಇತಿಹಾಸ-ದೈವಶಾಸ್ತ್ರವನ್ನು ಕುರಿತ ಕೊನೆಯ ಭಾಗದಲ್ಲಿ ಹೆಚ್ಚೇನೂ ಟೀಕೆಗಳಿಲ್ಲದಿರುವುದು ಅವರ ಗಮನಕ್ಕೆ ಬಂತು. ಉಳಿದುದನ್ನು ಕೈಬಿಟ್ಟು ಆ ಭಾಗವನ್ನೇ ಸ್ವತಂತ್ರ ಕೃತಿಯಾಗಿ ಬೆಳೆಸಿ ಮತ್ತೆ ಸಲ್ಲಿಸಿದರು. 1957ರ ಫೆಬ್ರವರಿಯಲ್ಲಿ ಅದು ಅಂಗೀಕೃತವಾಯಿತು, 1959ರಲ್ಲಿ ಪುಸ್ತಕವಾಯಿತು.

ಕೈಬಿಟ್ಟ ಭಾಗದ ಗತಿಯೇನು? ಪ್ರಕಟಣೆಯೆಂಬುದು ಗ್ರಂಥದ ಅಕ್ಷರಕ್ಕಿಂತ ಹಿರಿದು, ಅದನ್ನು ಸ್ವೀಕರಿಸುವ ಧರ್ಮಸಭೆಯೂ ಅದರೊಳಗೆ ಸೇರಿದೆ ಎಂಬ ಅಲ್ಲಿನ ಒಳನೋಟ, ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ ಕಾರ್ಡಿನಲ್ ಫ್ರಿಂಗ್ಸ್‌ರ ತಜ್ಞ ಸಲಹೆಗಾರರಾಗಿದ್ದ ಅವರ ಕೈಹಿಡಿಯಿತು. ಆ ವಿಷಯದ ಮೇಲಿನ 'ದೇಯಿ ವೆರ್ಬುಮ್' 1965ರಲ್ಲಿ ಹೊರಬಂತು. ಮೂಲ ಹಸ್ತಪ್ರತಿ ಸಂಪೂರ್ಣವಾಗಿ ಅಚ್ಚಾದದ್ದು 2009ರಲ್ಲಿ. ಪ್ರಬಂಧದಿಂದ ತೆಗೆದುಹಾಕಿದ ಅಧ್ಯಾಯವನ್ನು ಸುಡಬೇಕಾಗಿಲ್ಲ. ಬೇರೊಂದು ಕಡತದಲ್ಲಿ ಇಟ್ಟರಾಯಿತು.

ಕಾಲಯೋಜನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಲ್ಲಿಕೆಯ ದಿನದಿಂದ ಹಿಂದಕ್ಕೆ ಎಣಿಸಬೇಕು: ಮಾರ್ಗದರ್ಶಕರ ಅಂತಿಮ ಓದಿಗೆ ಮೂರು ವಾರ, ಭಾಷೆ ಮತ್ತು ಅಡಿಟಿಪ್ಪಣಿಗಳ ತಿದ್ದುಪಡಿಗೆ ಎರಡು ವಾರ, ಮುದ್ರಣ ಮತ್ತು ರಟ್ಟು ಕಟ್ಟಲು ಒಂದು ವಾರ. ಕ್ರಿಸ್ಮಸ್ಸಿನ ಮತ್ತು ಪವಿತ್ರ ವಾರದ ದಿನಗಳನ್ನು ಲೆಕ್ಕಕ್ಕೇ ಹಿಡಿಯಬಾರದು. ಯಾಜಕನಿಗೆ ಅವು ಬರೆಯುವ ದಿನಗಳಲ್ಲ. ಪ್ರಸ್ತಾವನೆಯನ್ನು ಕೊನೆಗೆ ಬರೆಯಬೇಕು, ಆಕರಗಳನ್ನು ನೇರವಾಗಿ ವಿಶ್ಲೇಷಿಸುವ ನಡುವಿನ ಅಧ್ಯಾಯವನ್ನು ಮೊದಲು. ಎಲ್ಲವನ್ನೂ ಓದಿ ಮುಗಿಸಿ ಬರೆಯುತ್ತೇವೆ ಎನ್ನುವವರ ಓದು ಎಂದೂ ಮುಗಿಯದು. ಉದ್ಧರಿಸಿದ ಕೂಡಲೇ ಆವೃತ್ತಿ, ವರ್ಷ, ಪುಟಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಬೇಕು. ಇತರರ ಮಾತು ನಮ್ಮದಾಗಿಬಿಡುವುದು ಅನೇಕ ವೇಳೆ ದುರುದ್ದೇಶದಿಂದಲ್ಲ, ಗುರುತಿಲ್ಲದ ಟಿಪ್ಪಣಿಯಿಂದ. ಪರೀಕ್ಷಕರ ದೃಷ್ಟಿಯಲ್ಲಾದರೋ ಎರಡೂ ಒಂದೇ.

ಯಾಜಕರ ಬರವಣಿಗೆಗೇ ವಿಶೇಷವಾದ ಒಂದು ದೋಷವನ್ನು ಇಲ್ಲಿ ಹೇಳದೆ ಇರಲಾರೆವು. ಪ್ರತಿ ಅಧ್ಯಾಯದ ಅಂತ್ಯದಲ್ಲಿ ನಮ್ಮ ಲೇಖನಿ ತಾನಾಗಿಯೇ ಪ್ರವಚನಪೀಠವನ್ನು ಏರಿಬಿಡುತ್ತದೆ: 'ಆದುದರಿಂದ ನಾವೆಲ್ಲರೂ ದೇವರ ವರಪ್ರಸಾದಕ್ಕೆ ತೆರೆದ ಮನಸ್ಸುಳ್ಳವರಾಗೋಣ.' ಭಾನುವಾರದ ಬಲಿಪೂಜೆಯಲ್ಲಿ ಇದು ಸೊಗಸು. ಪ್ರಬಂಧದಲ್ಲಿ ಇದು ಆಧಾರವಿಲ್ಲದ ಜಾಗವನ್ನು ಮುಚ್ಚುವ ಬಟ್ಟೆ. ಇದಕ್ಕೆ ಸಂತ ಥಾಮಸ್ ಅಕ್ವಿನಾಸರ ಕ್ರಮವೇ ಮದ್ದು. 'ಸುಮ್ಮಾ ಥಿಯೊಲಾಜಿಯೆ'ಯ ಪ್ರತಿ ಪ್ರಕರಣದಲ್ಲಿ ಅವರು ಎದುರುಪಕ್ಷದ ವಾದಗಳನ್ನು ಮೊದಲು ಇಡುತ್ತಾರೆ, ತಮ್ಮ ಉತ್ತರವನ್ನು ಆಮೇಲೆ ಹೇಳುತ್ತಾರೆ, ಕಡೆಯಲ್ಲಿ ಒಂದೊಂದು ಆಕ್ಷೇಪಕ್ಕೂ ಬೇರೆಬೇರೆಯಾಗಿ ಸಮಾಧಾನ ನೀಡುತ್ತಾರೆ. ಮೇಲಿನ ಉದಾಹರಣೆಯಲ್ಲಿ, 'ವರಪ್ರಸಾದ ಎನ್ನುವ ಕಥೋಲಿಕ ಭಕ್ತನಿಗೆ ಅಷ್ಟಾವರಣದ ನೆನಪೇ ಇರುವುದಿಲ್ಲ' ಎಂಬ ಆಕ್ಷೇಪ ತೀರ ಬಲವಾದದ್ದು. ಅದನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಡದೆ ಅಧ್ಯಾಯದ ತಲೆಯಲ್ಲೇ ನಿಲ್ಲಿಸಬೇಕು. ಮೌಖಿಕ ಪರೀಕ್ಷೆಯಲ್ಲಿ ಮೊದಲು ಬರುವ ಪ್ರಶ್ನೆಯೂ ಬಹುಶಃ ಅದೇ.

ಮುಗಿಯುವ ಮುನ್ನವೇ ವರ್ಗಾವಣೆಯ ಪತ್ರ ಕೈಸೇರಿದರೆ? ವಿಧೇಯತೆಯ ವ್ರತವುಳ್ಳವರೂ ಧರ್ಮಾಧ್ಯಕ್ಷರ ಅಧೀನದಲ್ಲಿರುವವರೂ ಕೇಳಿಕೊಳ್ಳಲು ಸಂಕೋಚಪಡುತ್ತಾರೆ. 'ಇನ್ನೂ ಸ್ವಲ್ಪ ಕಾಲ ಬೇಕು' ಎಂಬ ಕೋರಿಕೆಗೆ ಯಾವ ಧರ್ಮಾಧ್ಯಕ್ಷರೂ ಉತ್ತರಿಸಲಾರರು. ಮೂರು ಅಧ್ಯಾಯಗಳು ಮಾರ್ಗದರ್ಶಕರ ಸಮ್ಮತಿ ಪಡೆದಿವೆ, ನಾಲ್ಕನೆಯದಕ್ಕೆ ಆರು ವಾರ ಸಾಕು ಎಂಬ ಪತ್ರವನ್ನು, ಮಾರ್ಗದರ್ಶಕರ ಸಹಿಯೊಂದಿಗೆ ಮುಂದಿಟ್ಟರೆ ಉತ್ತರಿಸಬಲ್ಲರು. ಅದೂ ದೊರೆಯದಿದ್ದಲ್ಲಿ, ಕೊನೆಯ ಅಧ್ಯಾಯದ ಒರಟು ಕರಡನ್ನಾದರೂ ಆದಿಯಿಂದ ಅಂತ್ಯದವರೆಗೆ ಬರೆದೇ ಗ್ರಂಥಾಲಯವಿರುವ ಊರನ್ನು ಬಿಡಬೇಕು. ಇರುವ ಕರಡನ್ನು ಧರ್ಮಕೇಂದ್ರದ ರಾತ್ರಿಗಳಲ್ಲಿ ತಿದ್ದಬಹುದು. ಇಲ್ಲದ ಕರಡನ್ನು ಅಲ್ಲಿ ಹೊಸದಾಗಿ ಬರೆಯುವುದು ಕಷ್ಟ.