ಬಿಪಿ ಮಾತ್ರೆ ಊರಲ್ಲೇ ಸಿಗಲಿ

ಶಾಸನಗಳಲ್ಲಿ ಹೆಂಜೇರು ಎಂದು ಬರುವ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ. ಇಂದು ಅದು ಆಂಧ್ರದ ಮಡಕಶಿರಾ ಸೀಮೆಯಲ್ಲಿ, ಅಮರಾಪುರಂ ಮಂಡಲದ ಒಂದು ಗಡಿಯೂರು. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಇಲ್ಲಿ ಜನರ ಮಾತು ಕನ್ನಡ, ಸರ್ಕಾರದ ಕಾಗದ ತೆಲುಗು, ಮಾತ್ರೆಯ ಶೀಟಿನ ಮೇಲಿನ ಅಕ್ಷರ ಇಂಗ್ಲಿಷ್. ಕಾಯಿಲೆ ಜೋರಾದರೆ ಶಿರಾ, ಹಿರಿಯೂರು, ತುಮಕೂರಿನ ಕಡೆ ಹೋಗುವವರೂ ಇದ್ದಾರೆ, ಮಡಕಶಿರಾ, ಹಿಂದೂಪುರದ ಕಡೆ ಹೋಗುವವರೂ ಇದ್ದಾರೆ. ಇಂಥ ಊರಿನಲ್ಲಿ ರಕ್ತದೊತ್ತಡ ಹತೋಟಿಗೆ ಬರಬೇಕಾದರೆ ಪೇಟೆಯ ಹೃದ್ರೋಗ ತಜ್ಞರನ್ನು ಕಾಯಬೇಕಾಗಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲ್ಲರಿಗೂ ಒಂದೇ ಸಿದ್ಧ ಕ್ರಮದಲ್ಲಿ ಮಾತ್ರೆ ಬರೆಯಬೇಕು, ಒತ್ತಡ ಇಳಿಯುವ ತನಕ ತಡಮಾಡದೆ ಮುಂದಿನ ಹೆಜ್ಜೆ ಇಡಬೇಕು, ಬರೆದ ಮಾತ್ರೆ ಊರಲ್ಲೇ ತಪ್ಪದೆ ಸಿಗಬೇಕು. ಈ ಲೇಖನದ ವಾದ ಇಷ್ಟೇ.

ಕಾಯಿಲೆಯ ಹರವು ಚಿಕ್ಕದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದು ದಾಟಿದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21 ಮಂದಿಗೆ ರಕ್ತದೊತ್ತಡ ಹೆಚ್ಚಿತ್ತು ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಭಾರತದಲ್ಲಿ 30ರಿಂದ 79ರ ವಯಸ್ಸಿನ ಸುಮಾರು 18.8 ಕೋಟಿ ಜನರಿಗೆ ಈ ಕಾಯಿಲೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತು. ಅವರಲ್ಲಿ ಕಾಯಿಲೆ ಇದೆಯೆಂದು ಗೊತ್ತಿರುವವರು ನೂರಕ್ಕೆ 37, ಹತೋಟಿಯಲ್ಲಿರುವವರು ಬರೀ 15. ರಕ್ತದೊತ್ತಡದ ಮೇಲಿನ ಅಂಕಿ ಹತ್ತು ಇಳಿದರೆ ಪಾರ್ಶ್ವವಾಯುವಿನ ಅಪಾಯ ಕಾಲು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ ಎಂಬುದು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿದಾಗ ಸಿಕ್ಕ ಉತ್ತರ. ಕೂಲಿಯಿಂದಲೇ ಬದುಕುವ ಮನೆಯಲ್ಲಿ ದುಡಿಯುವವರಿಗೆ ಲಕ್ವ ಹೊಡೆದರೆ ಆ ಮನೆ ಮತ್ತೆ ಎದ್ದು ನಿಲ್ಲುವುದು ಕಷ್ಟ.

ಹಾಗಾದರೆ ಯಾವ ಮಾತ್ರೆ? ವೈದ್ಯರಲ್ಲಿ ಈ ಪ್ರಶ್ನೆಗೆ ಬೇಕಾದಷ್ಟು ಚರ್ಚೆ ನಡೆದಿದೆ. ಭಾರತದಲ್ಲೇ ಸುಮಾರು 2,000 ರೋಗಿಗಳ ಮೇಲೆ ನಡೆದ ಟಾಪ್‌ಸ್ಪಿನ್ ಪ್ರಯೋಗದ ಫಲಿತಾಂಶ ಹೊರಬಂದಿದೆ. ಎರಡು ಔಷಧಿ ಒಂದೇ ಮಾತ್ರೆಯಲ್ಲಿರುವ ಮೂರು ಬಗೆಯ ಜೋಡಿಗಳನ್ನು ಅದರಲ್ಲಿ ಹೋಲಿಸಿದರು. ಮೂರೂ ಒಂದೇ ಹದದಲ್ಲಿ ಕೆಲಸ ಮಾಡಿದವು. ಮೂರರಲ್ಲೂ ಹತ್ತರಲ್ಲಿ ಏಳು ಮಂದಿಯ ಒತ್ತಡ 140/90ಕ್ಕಿಂತ ಕೆಳಗಿಳಿಯಿತು. 2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 42 ಪ್ರಯೋಗಗಳನ್ನು ಒಟ್ಟುಗೂಡಿಸಿ, ಒಂದೇ ಮಾತ್ರೆಯ ಪ್ರಮಾಣವನ್ನು ಇಮ್ಮಡಿ ಮಾಡುವುದಕ್ಕಿಂತ ಇನ್ನೊಂದು ಬಗೆಯ ಮಾತ್ರೆ ಸೇರಿಸಿದರೆ ಸುಮಾರು ಐದು ಪಟ್ಟು ಹೆಚ್ಚು ಫಲ ಎಂದು ತೋರಿಸಿತು. ಒಳ್ಳೆಯ ಮಾತ್ರೆಗಳು ಬೇಕಾದಷ್ಟಿವೆ, ಬೆಲೆಯೂ ಕಡಿಮೆ. ಕೆಲಸ ಕೆಡುವುದು ಬೇರೆ ಕಡೆ. 160 ಇದ್ದದ್ದು 150ಕ್ಕೆ ಇಳಿದಾಗ 'ಪರವಾಗಿಲ್ಲ, ಇದನ್ನೇ ಮುಂದುವರಿಸಿ' ಎಂದು ಅದೇ ಚೀಟಿ ಬರೆದು ಕಳಿಸುತ್ತಾರಲ್ಲ, ಅಲ್ಲಿ ಕೆಡುತ್ತದೆ. ಸಿದ್ಧ ಕ್ರಮ ಈ ಆಲಸ್ಯಕ್ಕೆ ಎಡೆಗೊಡುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಆರೋಗ್ಯ ಸಚಿವಾಲಯ ಐದು ರಾಜ್ಯಗಳ 25 ಜಿಲ್ಲೆಗಳಲ್ಲಿ ಮೊದಲು ಕೈಗೊಂಡ ರಕ್ತದೊತ್ತಡ ನಿಯಂತ್ರಣ ಉಪಕ್ರಮದ ಬೆನ್ನೆಲುಬೇ ಇಂಥ ಕ್ರಮ. ಸಾಮಾನ್ಯವಾಗಿ ಮೊದಲು ಆಮ್ಲೋಡಿಪಿನ್ 5 ಮಿಲಿಗ್ರಾಂ, ತಿಂಗಳಲ್ಲಿ ಇಳಿಯದಿದ್ದರೆ ಜೊತೆಗೆ ಟೆಲ್ಮಿಸಾರ್ಟನ್ 40, ಆಮೇಲೆ ಪ್ರಮಾಣದ ಏರಿಕೆ, ಕೊನೆಗೆ ಕ್ಲೋರ್‌ಥಾಲಿಡೋನ್. ಅಲ್ಲಿ ನೋಂದಾಯಿಸಿಕೊಂಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ಒತ್ತಡ ಹತೋಟಿಗೆ ಬಂತು. ಉಳಿದವರಲ್ಲಿ ದೊಡ್ಡ ಪಾಲು ತಪಾಸಣೆಗೆ ಮರಳಿ ಬಾರದವರದು. ಹೇಮಾವತಿಯಂಥ ಊರಿಗೆ ಮುಖ್ಯವಾದ ಪಾಠ ಇದೇ: ಮರಳಿ ಬರುವ ದಾರಿ ಹತ್ತಿರವಿರಬೇಕು.

ಒಬ್ಬ ರೋಗಿಯಂತೆ ಇನ್ನೊಬ್ಬರಿಲ್ಲ, ಎಲ್ಲರಿಗೂ ಒಂದೇ ಚೀಟಿ ಬರೆಯುವುದು ವೈದ್ಯವೇ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಗರ್ಭಿಣಿಗೆ ಟೆಲ್ಮಿಸಾರ್ಟನ್ ಕೊಡಲೇಬಾರದು. ಮೂತ್ರಪಿಂಡದ ತೊಂದರೆ ಇರುವವರು, ಎದೆನೋವು ಅಥವಾ ಉಬ್ಬಸವಿರುವವರು, ಚಿಕ್ಕ ವಯಸ್ಸಿಗೇ ಒತ್ತಡ ಏರಿದವರು, 180/110 ದಾಟಿದವರು ವೈದ್ಯರ ಕೈಗೇ ಹೋಗಬೇಕು. ಒಳ್ಳೆಯ ಕ್ರಮದಲ್ಲಿ ಇವರ ಹೆಸರು ಮೊದಲ ಸಾಲಿನಲ್ಲೇ ಇರುತ್ತದೆ. ಬಿಸಿಲಲ್ಲಿ ಶೇಂಗಾ ಕೀಳುವ ಮುದುಕಿಗೆ ಕ್ಲೋರ್‌ಥಾಲಿಡೋನ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ಕೊಡುವ ಮುನ್ನ ನಿಂತಾಗ ತಲೆಸುತ್ತು ಬರುತ್ತದೆಯೇ ಎಂದು ಕೇಳುವುದೂ ಆ ಕ್ರಮದ ಭಾಗವಾಗಬೇಕು. ಒಂದೇ ಸಲ ಅಳೆದು ಮಾತ್ರೆ ಶುರುಮಾಡುವುದೂ ತಪ್ಪು. ಐದು ನಿಮಿಷ ಕೂರಿಸಿ, ಬೇರೆ ಬೇರೆ ದಿನ ಅಳೆದು ನೋಡಬೇಕು. ಇಷ್ಟನ್ನು ಮಾಡಿದ ಮೇಲೆ ಉಳಿಯುವ ಬಹುಪಾಲು ಜನರಿಗೆ ಸಿದ್ಧ ಕ್ರಮವೇ ಸಾಕು.

ಜನರ ಕಡೆಯಿಂದ ಬರುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಮ್ಮೆ ಶುರುಮಾಡಿದರೆ ಸಾಯುವ ತನಕ ಬಿಡುವಂತಿಲ್ಲ, ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತದೆ ಎಂಬ ಭಯ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ, ಬಿಡಿಸಿ ಹೇಳಬೇಕು. ಮೂತ್ರಪಿಂಡವನ್ನು ಹಾಳುಮಾಡುವುದರಲ್ಲಿ ಬಿಪಿ ಮಾತ್ರೆಗಿಂತ ಹತೋಟಿ ತಪ್ಪಿದ ಒತ್ತಡವೇ ಮುಂದು. ಇನ್ನೊಂದು ಅಪಾಯ ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ. ದಿನವೂ ನುಂಗಿದರೆ ಅದು ಮೂತ್ರಪಿಂಡಕ್ಕೂ ಪೆಟ್ಟು, ಒತ್ತಡವನ್ನೂ ಏರಿಸುತ್ತದೆ, ಬಿಪಿ ಮಾತ್ರೆಯ ಫಲವನ್ನೂ ತಗ್ಗಿಸುತ್ತದೆ. ಬಿಪಿ ನೋಡುವ ಪ್ರತಿಯೊಬ್ಬರೂ ನೋವಿನ ಮಾತ್ರೆಯ ಬಗ್ಗೆ ಕೇಳಲೇಬೇಕು. ಇನ್ನು ಉಪ್ಪು. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ ತಗ್ಗಿಸಿದರೆ ಎಲ್ಲರಿಗೂ ಒಳ್ಳೆಯದೇ. ಆದರೆ 165 ಇರುವವರನ್ನು ಪಥ್ಯದ ಮೇಲೆ ಆರು ತಿಂಗಳು ಕಾಯಿಸುವುದು ಸಲ್ಲದು.

ಕೊನೆಯ ತಕರಾರು ವೈದ್ಯರದು: ಪ್ರಮಾಣ ಏರಿಸುವ ಅಧಿಕಾರ ನರ್ಸಿಗೆ ಕೊಡಬಹುದೇ? ವೈದ್ಯರ ಉಸ್ತುವಾರಿಯಲ್ಲಿ, ಸಿದ್ಧ ಕ್ರಮದ ಮೇರೆಗೆ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯೇ ಹೇಳುತ್ತದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ ಹಳ್ಳಿಗಳಲ್ಲಿ ಸರ್ಕಾರಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಅಳೆದು, ವೈದ್ಯರೊಂದಿಗೆ ಕೊಂಡಿಯಾದಾಗ ಮಾಮೂಲಿ ಚಿಕಿತ್ಸೆಗಿಂತ ಸರಾಸರಿ ಐದು ಅಂಕಿ ಹೆಚ್ಚು ಇಳಿಯಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಂಧ್ರದಲ್ಲಿ ಗ್ರಾಮ ಕ್ಲಿನಿಕ್‌ಗಳಿಗೆ ತರಬೇತಿ ಪಡೆದ ಸಿಬ್ಬಂದಿ ಬಂದಿದ್ದಾರೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಫ್ಯಾಮಿಲಿ ಡಾಕ್ಟರ್ ಯೋಜನೆ 104 ವಾಹನದಲ್ಲಿ ವೈದ್ಯರನ್ನೇ ಹಳ್ಳಿಗೆ ಕಳಿಸುವ ಉದ್ದೇಶದ್ದು. ಕರ್ನಾಟಕ 2024ರಲ್ಲಿ ಕೋಲಾರ ಜಿಲ್ಲೆಯಿಂದ ಗೃಹ ಆರೋಗ್ಯ ಯೋಜನೆ ಆರಂಭಿಸಿತು. ಎರಡೂ ಕಡೆ ಏರ್ಪಾಟು ಇದೆ, ನಡುವೆ ಕೊಂಡಿ ಬೇಕು. ಈ ಕಡೆ ಸರ್ಕಾರಿ ಆಸ್ಪತ್ರೆ ಕೊಟ್ಟ ಆಮ್ಲೋಡಿಪಿನ್, ಆ ಕಡೆ ಖಾಸಗಿ ಕ್ಲಿನಿಕ್ ಬೇರೆ ಕಂಪನಿ ಹೆಸರಿನಲ್ಲಿ ಬರೆದ ಅದೇ ಆಮ್ಲೋಡಿಪಿನ್, ಎರಡನ್ನೂ ನುಂಗಿ ಕಾಲು ಊದಿಸಿಕೊಳ್ಳುವ ಅಪಾಯ ಗಡಿಯವರಿಗೆ ಹೆಚ್ಚು.

ಮಡಕಶಿರಾ ಮತ್ತು ಅಂಥದೇ ಗಡಿಸೀಮೆಯಾದ ರಾಯದುರ್ಗದ ಆರೋಗ್ಯ ಅಧಿಕಾರಿಗಳಲ್ಲಿ ಕೇಳುವುದು ಇಷ್ಟು: ಪ್ರತಿ ರೋಗಿಗೂ ಕನ್ನಡ, ತೆಲುಗು ಎರಡರಲ್ಲೂ ಔಷಧಿಯ ನಿಜ ಹೆಸರು ಬರೆದ ಕಾರ್ಡು ಕೊಡಿ, ಒತ್ತಡ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ, ದಾಸ್ತಾನು ಮುಗಿಯುವ ಮೊದಲೇ ತರಿಸಿಕೊಳ್ಳಿ. ಓದುಗರು ಮನೆಯಲ್ಲಿ ಮೂವತ್ತು ದಾಟಿದವರನ್ನು ಈ ತಿಂಗಳೇ ಕರೆದೊಯ್ದು ಬಿಪಿ ಅಳೆಸಲಿ, ಬಂದ ಅಂಕಿಯನ್ನು ಬರೆದಿಡಲಿ.