ಗಾಳಿಯಲ್ಲಿ ಬಿಚ್ಚಿಕೊಳ್ಳುವ ಮಡಿಕೆ

ಗಾಳ ಹಾಕುವುದೆಂದರೆ ನಮಗೆ ಗೊತ್ತಿರುವ ಕ್ರಮ ಸರಳ. ಕೊಕ್ಕೆಗೆ ಎರೆಹುಳುವನ್ನೋ ರಾಗಿ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ ಎಸೆದರೆ, ಅದರ ಭಾರಕ್ಕೆ ದಾರ ಹಿಂದೆಯೇ ಹೋಗುತ್ತದೆ. ಬ್ರಿಟನ್, ಅಮೆರಿಕಗಳ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಮೀನು ಹಿಡಿಯುವ 'ಫ್ಲೈ ಫಿಶಿಂಗ್'ನವರ ಪಾಡು ಬೇರೆ. ಅವರ ಕೊಕ್ಕೆಯ ಮೇಲಿರುವುದು ಪುಕ್ಕ, ನೂಲು ಸುತ್ತಿ ಮಾಡಿದ ಹುಸಿ ನೊಣ. ಒಂದು ಗ್ರಾಂ ತೂಕವೂ ಇಲ್ಲದ ಅದನ್ನು ದೂರಕ್ಕೆ ಎಸೆಯುವುದಾದರೂ ಹೇಗೆ?

ರೋಮಿನ ಲೇಖಕ ಈಲಿಯನ್ ಸುಮಾರು 1800 ವರ್ಷಗಳ ಹಿಂದೆಯೇ ಮ್ಯಾಸಿಡೋನಿಯಾದ ಇಂಥ ಗಾಳವನ್ನು ವರ್ಣಿಸಿದ್ದಾನೆ. ಆದರೆ ಆ ದಾರ ಕೋಲಿನಷ್ಟೇ ಉದ್ದ, ಆರು ಅಡಿ. ದೂರದ ಚಿಂತೆಯೇ ಇರಲಿಲ್ಲ. ಈಗ ತೂಕವನ್ನು ಹುರಿಗೇ ಕೊಟ್ಟಿದ್ದಾರೆ. ಟ್ರೌಟ್ ಹಿಡಿಯಲು ಸಾಮಾನ್ಯವಾಗಿ ಬಳಸುವ 5ನೇ ನಂಬರಿನ ಹುರಿಯ ಮೊದಲ 30 ಅಡಿಯ ತೂಕ ಸುಮಾರು 9 ಗ್ರಾಂ. ಕೋಲು ಎಸೆಯುವುದು ಈ ಹುರಿಯನ್ನು. ನೊಣ ಅದರ ಬಾಲ ಹಿಡಿದು ಹೋಗುತ್ತದೆ.

ಮೊದಲು ಹುರಿಯನ್ನು ಬೆನ್ನ ಹಿಂದಕ್ಕೆ ಬೀಸಬೇಕು. ಅದು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ನಂತರ ಕೋಲನ್ನು ಮುಂದಕ್ಕೆ ತಂದು ಥಟ್ಟನೆ ನಿಲ್ಲಿಸಬೇಕು. ಸ್ವಾರಸ್ಯ ಇರುವುದು ಈ ನಿಲುಗಡೆಯಲ್ಲಿ. ಕೋಲು ನಿಂತರೂ ಹುರಿ ನಿಲ್ಲುವುದಿಲ್ಲ. ಕೋಲಿನ ತುದಿಯನ್ನು ದಾಟಿ ಮುನ್ನುಗ್ಗುತ್ತದೆ. ಕೆಳಗಿನ ಎಳೆ ತುದಿಗೆ ಸಿಕ್ಕಿಕೊಂಡಿರುತ್ತದೆ, ಮೇಲಿನ ಎಳೆ ಓಡುತ್ತಿರುತ್ತದೆ. ನಡುವೆ ಮಲಗಿಸಿದ ಲಾಳದಂಥ ಮಡಿಕೆ ಮೂಡುತ್ತದೆ. ಇದೇ 'ಲೂಪ್'. ಮಡಿಕೆ ಮುಂದೆ ಸಾಗಿದಂತೆ ಓಡುವ ಎಳೆ ಗಿಡ್ಡವಾಗುತ್ತ ಬರುತ್ತದೆ. ಉಳಿದ ಶಕ್ತಿಯೆಲ್ಲ ಆ ಚಿಕ್ಕ ತುಂಡಿಗೇ ಸೇರುವುದರಿಂದ ಕೊನೆಯವರೆಗೂ ವೇಗ ಉಳಿಯುತ್ತದೆ. ಚಾಟಿ ಚಟೀರೆನ್ನುವುದೂ ಇದೇ ನಿಯಮದಿಂದ.

ಮಡಿಕೆಯ ಆಕಾರವನ್ನು ತೀರ್ಮಾನಿಸುವುದು ಕೋಲಿನ ತುದಿ ನಡೆದ ದಾರಿ. ತುದಿ ನೇರ ಗೆರೆಯಲ್ಲಿ ಸಾಗಿದರೆ ಮಡಿಕೆ ಕಿರಿದು. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ತುದಿ ಕಮಾನಿನಂತೆ ಮೇಲೆದ್ದು ಇಳಿದರೆ ಮಡಿಕೆ ಅಗಲವಾಗಿ, ಅರ್ಧ ದಾರಿಯಲ್ಲೇ ಸೊರಗುತ್ತದೆ. ತೊಡಕೆಂದರೆ, ಎಸೆಯುವಾಗ ಕೋಲು ಬಾಗುತ್ತದೆ. ಬಾಗುವ ಕೋಲಿನ ತುದಿಯನ್ನು ನೇರವಾಗಿ ನಡೆಸಬೇಕಾದರೆ ಬಲವನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಅವಸರಪಟ್ಟು ಆರಂಭದಲ್ಲೇ ಬಲ ಹಾಕಿದರೆ ತುದಿ ನಡುದಾರಿಯಲ್ಲಿ ಕೆಳಕ್ಕೆ ಕುಸಿಯುತ್ತದೆ. ಆಗ ಮೇಲಿನ ಎಳೆ ಕೆಳಗಿನದನ್ನು ಅಡ್ಡ ಹಾಯ್ದು ಗಂಟು ಬೀಳುತ್ತದೆ. ಬೆಸ್ತರು ಇದನ್ನು 'ಗಾಳಿಗಂಟು' ಎನ್ನುತ್ತಾರೆ. ಕುಣಿಯಲಾರದವರು ನೆಲ ಡೊಂಕೆಂದ ಹಾಗೆ!

ತೋಳ್ಬಲವೇ ಮುಖ್ಯವೆಂದು ನಂಬಿದ್ದವರಿಗೆ ಜೋನ್ ವುಲ್ಫ್ ಉತ್ತರ ಕೊಟ್ಟರು. 1926ರಲ್ಲಿ ಹುಟ್ಟಿದ ಈ ಅಮೆರಿಕನ್ ಮಹಿಳೆ ನೃತ್ಯ ಕಲಿಸುತ್ತಿದ್ದವರು. 1951ರಲ್ಲಿ ದೂರ ಎಸೆತದ ಸ್ಪರ್ಧೆಯೊಂದರಲ್ಲಿ ಕಣದಲ್ಲಿದ್ದ ಗಂಡಸರನ್ನೆಲ್ಲ ಹಿಂದೆ ಹಾಕಿದರು. 1960ರಲ್ಲಿ ಅವರ ಹುರಿ ತಲುಪಿದ್ದು 161 ಅಡಿ. ಕೋಲು ನಿಲ್ಲಿಸುವ ಮುನ್ನ ಕೈ ಮಾಡುವ ಚುರುಕು ಚಲನೆಗೆ 'ಪವರ್ ಸ್ನ್ಯಾಪ್' ಎಂದು ಹೆಸರಿಟ್ಟು ಶಿಷ್ಯರಿಗೆ ಕಲಿಸಿದವರೂ ಅವರೇ.

ಹಾಗೆಂದು ಕಿರಿದಾದ ಮಡಿಕೆಯೇ ಸದಾ ಒಳ್ಳೆಯದಲ್ಲ. ನೊಣಕ್ಕೆ ಸೀಸದ ಭಾರ ಸೇರಿಸಿದಾಗ ಅದು ಎಳೆಗೆ ಸಿಕ್ಕಿಕೊಳ್ಳುವ, ಕೋಲಿಗೋ ಎಸೆಯುವವರ ತಲೆಗೋ ಬಡಿಯುವ ಭಯವಿದೆ. ಅಂಥ ಹೊತ್ತಿನಲ್ಲಿ ಪಳಗಿದವರು ಬೇಕೆಂದೇ ಕೋಲಿನ ತುದಿಯನ್ನು ಕಮಾನಿನಂತೆ ನಡೆಸಿ, ಮಡಿಕೆಯನ್ನು ಅಗಲ ಮಾಡಿಕೊಳ್ಳುತ್ತಾರೆ.