ಗಣಕದ ಕಾರ್ಯಾಚರಣ ವ್ಯವಸ್ಥೆ: ಮೇಲ್ದರ್ಜೆಗೇರಿಸುವುದೋ, ಹೊಸದಾಗಿ ಸ್ಥಾಪಿಸುವುದೋ?

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಹಳೆಯ ಗಣಕಗಳನ್ನು ಬಳಸುತ್ತಿರುವ ಕಾಲೇಜುಗಳು ಇದರಿಂದ ಒಂದು ನಿರ್ಧಾರವನ್ನು ಕೈಗೊಳ್ಳಬೇಕಾಗಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ನಾವು ಈ ವಿಷಯವನ್ನು ಇಲ್ಲಿ ವಿವೇಚಿಸುತ್ತೇವೆ.

ಮೇಲ್ದರ್ಜೆಗೇರಿಸುವುದೆಂದರೆ ಇದ್ದ ವ್ಯವಸ್ಥೆಯ ಮೇಲೆಯೇ ಹೊಸದನ್ನು ನೆಲೆಗೊಳಿಸುವುದು. ಕಡತಗಳೂ ತಂತ್ರಾಂಶಗಳೂ ಬಹುಮಟ್ಟಿಗೆ ಉಳಿಯುತ್ತವೆ. ಹೊಸದು ಒಗ್ಗದಿದ್ದರೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು. ಆದರೆ ಹಳೆಯ ದೋಷಗಳೂ ಜೊತೆಯಲ್ಲಿಯೇ ಉಳಿದುಬರುವ ಸಂಭವವುಂಟು. ಹೊಸ ಸ್ಥಾಪನೆಯಲ್ಲಾದರೋ ಸಿ ಡ್ರೈವನ್ನು ಪೂರ್ತಿಯಾಗಿ ಅಳಿಸಲಾಗುತ್ತದೆ. ಗಣಕವು ಶುದ್ಧವಾಗುತ್ತದೆ; ಆದರೆ ತಂತ್ರಾಂಶ, ಮುದ್ರಕ, ಅಕ್ಷರಶೈಲಿ ಎಲ್ಲವನ್ನೂ ಮತ್ತೆ ಅಳವಡಿಸಬೇಕು.

ಕೆಲವೆಡೆ ಆಯ್ಕೆಗೆ ಅವಕಾಶವೇ ಇಲ್ಲ. ವಿಂಡೋಸ್ 7ರಿಂದ ವಿಂಡೋಸ್ 11ಕ್ಕೆ ಎಲ್ಲವನ್ನೂ ಉಳಿಸಿಕೊಂಡು ನೇರವಾಗಿ ಏರಲಾಗದು; 32 ಬಿಟ್ ವ್ಯವಸ್ಥೆಯಿಂದಲೂ ಅಷ್ಟೇ. ಇದಲ್ಲದೆ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗ, 4 ಜಿಬಿ ಸ್ಮೃತಿ ಹಾಗೂ 64 ಜಿಬಿ ಸಂಗ್ರಹಸ್ಥಳ ಇರಬೇಕು. ಇವಿಲ್ಲದ ಗಣಕಗಳಿಗೆ ಲಿನಕ್ಸ್‌ನ ಹೊಸ ಸ್ಥಾಪನೆಯೊಂದು ಉಚಿತವಾದ ಮಾರ್ಗ.

ಆದರೆ ಕನ್ನಡದಲ್ಲಿ ಬರೆಯುವವರಿಗೆ ಇದಕ್ಕಿಂತ ಗಹನವಾದ ಪ್ರಶ್ನೆಯೊಂದಿದೆ. 1991ರಲ್ಲಿಯೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಬಹುಕಾಲ ನಮ್ಮ ಬರವಣಿಗೆಯು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ನಡೆಯಿತು. ಇಂತಹ ಕಡತದೊಳಗೆ ಇರುವುದು ವಾಸ್ತವವಾಗಿ ರೋಮನ್ ಅಕ್ಷರಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪವನ್ನು ಕೊಡುವುದು ಅಕ್ಷರಶೈಲಿ ಮಾತ್ರ. ಹೊಸ ಸ್ಥಾಪನೆಯಲ್ಲಿ ಡಿ ಡ್ರೈವಿನ ಕಡತಗಳು ಉಳಿದರೂ, ಸಿ ಡ್ರೈವಿನಲ್ಲಿರುವ ಅಕ್ಷರಶೈಲಿಗಳು ಅಳಿದುಹೋಗುತ್ತವೆ. ಆಗ ಕಡತವನ್ನು ತೆರೆದವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಸಾಲುಗಳು. ಕಡತ ಕೆಟ್ಟಿತೆಂದು ಭಾವಿಸಿ ಅದನ್ನು ಅಳಿಸಿಬಿಟ್ಟರೆ ವರ್ಷಗಳ ಪಾಠಟಿಪ್ಪಣಿ, ಕ್ಷೇತ್ರಕಾರ್ಯದ ದಾಖಲೆ, ಸಂಶೋಧನ ಪ್ರಬಂಧಗಳು ನಿಜವಾಗಿಯೇ ಇಲ್ಲವಾಗುತ್ತವೆ. ಅದೇ ಅಕ್ಷರಶೈಲಿಯನ್ನು ಮರಳಿ ಅಳವಡಿಸಿದರೆ ಬರಹವು ಮತ್ತೆ ಕಾಣಿಸಿಕೊಳ್ಳುವುದೆಂಬುದನ್ನು ಅರಿತಿರುವುದು ಅವಶ್ಯ. ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಹಳಿಯಾಳ, ಜೋಯಿಡಾಗಳ ಮರಾಠಿ ಕಡತಗಳಿಗೂ, ಮುಂಡಗೋಡದ ಟಿಬೆಟನ್ ಕಡತಗಳಿಗೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ ಕಾರ್ಯಕ್ರಮವು ಹೀಗಿರತಕ್ಕದ್ದು. ಮೊದಲು, ಕಡತಗಳನ್ನೂ ಅಕ್ಷರಶೈಲಿಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಅನಂತರ, ಹಳೆಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರಬೇಕು. ನಡುವೆ ಬರುವ ಇಂಗ್ಲಿಷ್ ಪದಗಳನ್ನು ಪರಿವರ್ತಕವು ಕನ್ನಡದ ಸಂಕೇತಗಳೆಂದೇ ಬಗೆದು ವಿರೂಪಗೊಳಿಸಬಹುದು, ಅರ್ಕಾವತ್ತು ಸ್ಥಾನಪಲ್ಲಟವಾಗಬಹುದು. ಆದಕಾರಣ ಮೂಲದೊಡನೆ ಹೋಲಿಸಿ ತಿದ್ದುವ ಕೆಲಸವನ್ನು ಹಳೆಯ ವ್ಯವಸ್ಥೆ ಇರುವಾಗಲೇ ಮುಗಿಸುವುದು ಲೇಸು.

ಜಾಲಸಂಪರ್ಕ ದುರ್ಬಲವಾಗಿರುವ ಕಾಡಿನ ಊರುಗಳಲ್ಲಿ ಪ್ರತಿಯೊಂದು ಗಣಕಕ್ಕೂ ಬೇರೆಬೇರೆಯಾಗಿ ಹಲವು ಜಿಬಿಗಳನ್ನು ಇಳಿಸಿಕೊಳ್ಳುವುದು ಪ್ರಯಾಸಕರ. ಸಂಪರ್ಕ ಚೆನ್ನಾಗಿರುವಲ್ಲಿ 8 ಜಿಬಿಯ ಒಂದು ಪೆನ್ ಡ್ರೈವಿಗೆ ಒಮ್ಮೆ ಇಳಿಸಿಕೊಂಡರೆ ಎರಡು ವಿಧಾನಗಳಿಗೂ ಅದು ಸಾಕಾಗುತ್ತದೆ. ಕೆಲಸದ ನಡುವೆ ವಿದ್ಯುತ್ತು ನಿಂತರೆ ವ್ಯವಸ್ಥೆಯು ಅಪೂರ್ಣವಾಗಿ ಉಳಿಯುವುದರಿಂದ ಯುಪಿಎಸ್ ಇರುವುದು ಅಗತ್ಯ.

ಇಷ್ಟರಿಂದ ನಿರ್ಣಯವು ಸ್ಪಷ್ಟವಾಗುತ್ತದೆ. ಹಲವರು ಬಳಸುವ, ಸ್ವಂತ ಬರಹಗಳಿಲ್ಲದ ಪ್ರಯೋಗಾಲಯದ ಗಣಕಗಳಿಗೆ ಹೊಸ ಸ್ಥಾಪನೆಯೇ ಯೋಗ್ಯ. ಅಧ್ಯಾಪಕರ ಹಾಗೂ ಕಚೇರಿಯ ಗಣಕಗಳಿಗೆ, ಪರಿವರ್ತನೆ ಮುಗಿಯುವವರೆಗಾದರೂ, ಮೇಲ್ದರ್ಜೆಗೇರಿಸುವುದೇ ಕ್ಷೇಮ. ಯಂತ್ರದ ವೇಗವು ಗೌಣವಾದ ಸಂಗತಿ. ಅದರೊಳಗಿರುವ ಬರಹವನ್ನು ನಾಳೆಯೂ ಓದಲು ಸಾಧ್ಯವೇ ಎಂಬುದನ್ನು ಮೊದಲು ಪರಿಶೀಲಿಸತಕ್ಕದ್ದು.